ಸಿಸೇರಿಯನ್ ನಂತರದ ನೋವು: ಮಾತ್ರೆಯ ಜೊತೆಗೆ ಮತ್ತೇನು?

ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿದವರಿಗೆ ಈ ದೃಶ್ಯ ಹೊಸದಲ್ಲ. ಸಿಸೇರಿಯನ್ ಆದ ಮರುದಿನ ಬೆಳಿಗ್ಗೆ ನರ್ಸ್ ಬಂದು, ‘ಏಳಮ್ಮ, ನಾಲ್ಕು ಹೆಜ್ಜೆ ನಡೆದು ಬಾ’ ಎನ್ನುತ್ತಾರೆ. ಪಕ್ಕದಲ್ಲಿ ಕುಳಿತ ಬಾಣಂತಿಯ ತಾಯಿ ಗಾಬರಿಯಾಗಿ, ‘ಬೇಡ ಸಿಸ್ಟರ್, ಹೊಲಿಗೆ ಇನ್ನೂ ಹಸಿ ಇದೆ. ಬಿಚ್ಚಿಕೊಂಡರೆ ಏನು ಗತಿ?’ ಎಂದು ತಡೆಯುತ್ತಾರೆ. ಬಾಣಂತಿ ಹಲ್ಲು ಕಚ್ಚಿ ಮಲಗಿರುತ್ತಾಳೆ. ಕೊಟ್ಟ ನೋವಿನ ಮಾತ್ರೆ ದಿಂಬಿನ ಅಡಿಯಲ್ಲಿರುತ್ತದೆ. ‘ಹಾಲಿಗೆ ಇಳಿದು ಮಗುವಿಗೆ ತೊಂದರೆಯಾದೀತು’ ಎಂಬ ಭಯ. ಅತ್ತ ಮಗು ಹಸಿದು ಅಳುತ್ತದೆ. ಎದ್ದು ಕೂರಲಾಗದ ತಾಯಿ ಹಾಲೂಡಿಸುವುದು ಹೇಗೆ? ಸಂಜೆಯ ಹೊತ್ತಿಗೆ ಯಾರೋ ಪುಡಿ ಹಾಲಿನ ಡಬ್ಬಿ ತರುತ್ತಾರೆ.

ಈ ಮನೆಯವರಲ್ಲಿ ಯಾರೂ ಕೆಟ್ಟವರಲ್ಲ. ಎಲ್ಲರಿಗೂ ತಾಯಿ-ಮಗುವಿನ ಮೇಲೆ ಅಕ್ಕರೆಯೇ. ಆದರೆ ನೋವಿನ ಬಗ್ಗೆ ಇರುವ ತಪ್ಪು ತಿಳಿವಳಿಕೆ ಅವರನ್ನು ದಾರಿ ತಪ್ಪಿಸಿದೆ. ನೋವಿಗೆ ಹೆದರಿ ಅಲುಗಾಡದಿದ್ದರೆ ಮೈ ಬಿಗಿಯುತ್ತದೆ, ಹೊಟ್ಟೆಯಲ್ಲಿ ಗಾಳಿ ತುಂಬುತ್ತದೆ, ನಿದ್ದೆ ಬಾರದು. ಆಗ ನೋವು ಇನ್ನಷ್ಟು ಹೆಚ್ಚುತ್ತದೆ. ಈ ಸುತ್ತನ್ನು ಮುರಿಯಲು ಮಾತ್ರೆ ಬೇಕು. ಮಾತ್ರೆಯ ಜೊತೆಗೆ, ಖರ್ಚಿಲ್ಲದೆ ಮನೆಯಲ್ಲೇ ಮಾಡಬಹುದಾದ ಹಲವು ಉಪಾಯಗಳೂ ಇವೆ. ಈ ವಾರ ಅವನ್ನು ತಿಳಿಯೋಣ.

ಇದು ಕೆಲವೇ ಮನೆಗಳ ಮಾತಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ಶೇ 31.5 ಸಿಸೇರಿಯನ್. ಅಂದರೆ ಸರಿಸುಮಾರು ಮೂವರಲ್ಲಿ ಒಬ್ಬ ತಾಯಿ ಹೊಟ್ಟೆಯ ಮೇಲೆ ಗಾಯ ಹೊತ್ತೇ ಬಾಣಂತನ ಆರಂಭಿಸುತ್ತಾಳೆ.

ನೋವು ಬರುವುದು ಎಲ್ಲಿಂದ?

ಸಿಸೇರಿಯನ್ ಸಣ್ಣ ಶಸ್ತ್ರಚಿಕಿತ್ಸೆಯಲ್ಲ. ಕಿಬ್ಬೊಟ್ಟೆಯ ಚರ್ಮ, ಅದರ ಕೆಳಗಿನ ಕೊಬ್ಬು, ಸ್ನಾಯುಗಳನ್ನು ಹೊದ್ದಿರುವ ಗಟ್ಟಿ ಪೊರೆ, ಹೊಟ್ಟೆಯ ಒಳಪೊರೆ, ಕೊನೆಗೆ ಗರ್ಭಕೋಶ – ಇವಿಷ್ಟನ್ನೂ ಸೀಳಿ ಮಗುವನ್ನು ಹೊರತೆಗೆಯಲಾಗುತ್ತದೆ. ಹೊಟ್ಟೆಯ ಮುಂಭಾಗದ ಸ್ನಾಯುಗಳನ್ನು ಸಾಮಾನ್ಯವಾಗಿ ಕತ್ತರಿಸುವುದಿಲ್ಲ, ಪಕ್ಕಕ್ಕೆ ಸರಿಸುತ್ತಾರೆ. ಬೆನ್ನಿಗೆ ಕೊಟ್ಟ ಅರಿವಳಿಕೆಯ ಪ್ರಭಾವ ಇಳಿದ ಮೇಲೆ ನೋವು ತಲೆದೋರುತ್ತದೆ.

ತಾಯಿಗೆ ಆಗುವುದು ಒಂದೇ ಬಗೆಯ ನೋವಲ್ಲ. ಗಾಯದ ನೋವು ಎದ್ದಾಗ, ಕೆಮ್ಮಿದಾಗ ಚುಚ್ಚಿದಂತಿರುತ್ತದೆ. ಗರ್ಭಕೋಶ ಸಂಕುಚಿಸುವಾಗ ಮುಟ್ಟಿನ ನೋವಿನಂತೆ ಹಿಂಡುತ್ತದೆ. ಹಾಲೂಡಿಸುವಾಗ ಇದು ಹೆಚ್ಚು, ಎರಡನೆಯ ಹೆರಿಗೆಯವರಲ್ಲಿ ಮತ್ತೂ ಹೆಚ್ಚು. ಕರುಳಿನಲ್ಲಿ ಗಾಳಿ ತುಂಬಿ ಹೊಟ್ಟೆ ಉಬ್ಬರಿಸುವುದು ಮೂರನೆಯ ಬಗೆ. ವಪೆ ಕೆರಳಿದಾಗ ಭುಜದ ತುದಿಯಲ್ಲೂ ನೋವು ಕಾಣಿಸಬಹುದು. ಬಗ್ಗಿ, ಸೊಟ್ಟಗೆ ಕುಳಿತು ಹಾಲೂಡಿಸುವುದರಿಂದ ಬೆನ್ನು-ಕತ್ತಿನ ನೋವು ನಾಲ್ಕನೆಯದು. ಯಾವ ನೋವು ಎಂದು ಗುರುತಿಸಿದರೆ ಉಪಾಯ ಹುಡುಕುವುದು ಸುಲಭ.

ಮೊದಲು ಮಾತ್ರೆಯ ಮಾತು

ಇಲ್ಲಿ ಹೇಳುವ ಯಾವ ಉಪಾಯವೂ ಮಾತ್ರೆಗೆ ಬದಲಿಯಲ್ಲ, ಅದರ ಜೊತೆಗಾರ. ಪ್ಯಾರಾಸಿಟಮಾಲ್ ಮತ್ತು ಐಬುಪ್ರೊಫೆನ್ ಎದೆಹಾಲಿಗೆ ಇಳಿಯುವ ಪ್ರಮಾಣ ತೀರ ಅಲ್ಪ. ಹಾಲೂಡಿಸುವ ತಾಯಂದಿರಿಗೆ ಇವನ್ನು ನಿರ್ಭಯವಾಗಿ ಕೊಡುತ್ತಾರೆ. ಆದರೆ ಅಸ್ತಮಾ, ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇದ್ದವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಬೇರೆಯವರಿಗೆ ಬರೆದುಕೊಟ್ಟ ಮಾತ್ರೆಯನ್ನು ನುಂಗಬಾರದು. ಕೋಡೀನ್‌ನಂಥ ಕೆಲವು ನೋವಿನ ಔಷಧಿಗಳು ಹಾಲೂಡಿಸುವವರಿಗೆ ಸಲ್ಲವು.

ನೋವು ತಡೆಯಲಾಗದ ಮಟ್ಟಕ್ಕೆ ಏರಿದ ಮೇಲೆ ಮಾತ್ರೆ ನುಂಗುವುದಲ್ಲ; ಮೊದಲ ಕೆಲವು ದಿನ ವೈದ್ಯರು ಹೇಳಿದ ವೇಳೆಗೆ ತಪ್ಪದೆ ತೆಗೆದುಕೊಳ್ಳಬೇಕು. ನಡೆಯುವ, ಸ್ನಾನ ಮಾಡುವ ಹೊತ್ತಿಗೆ ಅರ್ಧ-ಮುಕ್ಕಾಲು ಗಂಟೆ ಮೊದಲು ಮಾತ್ರೆಯ ವೇಳೆ ಬರುವಂತೆ ಹೊಂದಿಸಿಕೊಂಡರೆ ಅನುಕೂಲ.

ಉಜ್ಜಿದರೆ ನೋವು ಇಳಿಯುವುದೇಕೆ?

ಬಾಗಿಲ ಚೌಕಟ್ಟಿಗೆ ಮೊಣಕೈ ತಗುಲಿದರೆ ನಾವು ಮೊದಲು ಮಾಡುವುದೇನು? ಆ ಜಾಗವನ್ನು ಗಸಗಸನೆ ಉಜ್ಜಿಕೊಳ್ಳುತ್ತೇವೆ. ನೋವು ಸ್ವಲ್ಪ ಇಳಿಯುತ್ತದೆ. ಇದರ ಹಿಂದಿನ ಕಾರಣವನ್ನು ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು 1965ರಲ್ಲಿ ವಿವರಿಸಿದರು. ನೋವಿನ ಸಂದೇಶ ಮಿದುಳಿಗೆ ಹೋಗುವ ದಾರಿಯಲ್ಲಿ, ಬೆನ್ನುಹುರಿಯಲ್ಲಿ, ಒಂದು ಬಗೆಯ ಬಾಗಿಲಿದೆ. ಸ್ಪರ್ಶ, ಒತ್ತಡಗಳ ಸಂದೇಶಗಳು ಅಲ್ಲಿಗೆ ಬಂದಾಗ ಬಾಗಿಲು ಅರೆಮುಚ್ಚುತ್ತದೆ. ನೋವಿನ ಸಂದೇಶ ಕಡಿಮೆ ದಾಟುತ್ತದೆ. ಮೇಲಿನಿಂದ ಮಿದುಳೂ ಈ ಬಾಗಿಲನ್ನು ಮುಚ್ಚಬಲ್ಲದು, ತೆರೆಯಬಲ್ಲದು. ಭಯ, ಒಂಟಿತನ, ನಿದ್ದೆಗೇಡು ನೋವನ್ನು ಹೆಚ್ಚಿಸುತ್ತವೆ. ಧೈರ್ಯ, ಒತ್ತಾಸೆ ತಗ್ಗಿಸುತ್ತವೆ. ಹಾಗೆಂದು ನೋವು ಬರೀ ಮನಸ್ಸಿನ ಕಲ್ಪನೆ ಎಂದು ಯಾರೂ ತಿಳಿಯಬಾರದು.

ಹಾಸಿಗೆಯಿಂದ ಏಳುವ ಕ್ರಮ

ಮೊದಲ ವಾರದ ಅರ್ಧ ನೋವು ತಪ್ಪಾಗಿ ಏಳುವುದರಿಂದಲೇ ಬರುತ್ತದೆ ಎಂದರೆ ಉತ್ಪ್ರೇಕ್ಷೆಯಲ್ಲ. ಅಂಗಾತ ಮಲಗಿದ್ದವರು ನೇರ ಎದ್ದು ಕೂರಲು ಹೋದರೆ ಹೊಟ್ಟೆಯ ಸ್ನಾಯುಗಳೆಲ್ಲ ಒಟ್ಟಿಗೆ ಗಾಯವನ್ನು ಎಳೆಯುತ್ತವೆ. ಹೀಗೆ ಮಾಡಿ:

1. ಅಂಗಾತ ಮಲಗಿ ಎರಡೂ ಮೊಣಕಾಲು ಮಡಿಸಿ, ಪಾದಗಳು ಹಾಸಿಗೆಯ ಮೇಲಿರಲಿ.

2. ಭುಜ, ಸೊಂಟ, ಮೊಣಕಾಲು ಮೂರೂ ಒಟ್ಟಿಗೆ, ಮರದ ದಿಮ್ಮಿ ಉರುಳಿದಂತೆ ಒಂದು ಮಗ್ಗುಲಿಗೆ ಹೊರಳಿ. ಮೈ ತಿರುಚಬಾರದು.

3. ಕಾಲುಗಳನ್ನು ಮಂಚದ ಅಂಚಿನಿಂದ ಕೆಳಗಿಳಿಬಿಡಿ. ಅದೇ ಹೊತ್ತಿಗೆ ಕೆಳಗಿನ ಮೊಣಕೈ ಮತ್ತು ಮೇಲಿನ ಅಂಗೈಯನ್ನು ಹಾಸಿಗೆಗೆ ಒತ್ತಿ ಮೈ ಎತ್ತಿ. ಎತ್ತುವಾಗ ಉಸಿರು ಹೊರಬಿಡಿ, ಬಿಗಿ ಹಿಡಿಯಬೇಡಿ.

4. ಒಂದೆರಡು ನಿಮಿಷ ಹಾಗೇ ಕುಳಿತಿರಿ. ತಲೆಸುತ್ತು ಇಲ್ಲವೆಂದು ಖಚಿತವಾದ ಮೇಲೆ ನಿಲ್ಲಿ.

ಮಲಗುವಾಗ ಇದೇ ಕ್ರಮ ತಿರುವುಮುರುವು. ಮೊದಲ ಬಾರಿ ಏಳುವಾಗ ನರ್ಸ್ ಅಥವಾ ಮನೆಯವರು ಪಕ್ಕದಲ್ಲಿರಲೇಬೇಕು. ಮನೆಗೆ ಬಂದ ಮೇಲೂ ಕೆಲವು ವಾರ ನೆಲದ ಹಾಸಿಗೆಗಿಂತ ಮಂಚವೇ ಮೇಲು. ಬಗ್ಗಿ ತೊಟ್ಟಿಲಿನಿಂದ ಮಗುವನ್ನು ಎತ್ತುವ ಕೆಲಸ ಬೇರೆಯವರದಾಗಲಿ. ಅವರು ಎತ್ತಿ ಕೈಗೆ ಕೊಡಲಿ.

ಕೆಮ್ಮು, ಸೀನು, ನಗು

ಹೊಲಿಗೆ ಹಾಕಿದ ಹೊಟ್ಟೆಗೆ ನಗುವೂ ಶಿಕ್ಷೆಯೇ. ಇದಕ್ಕೆ ಒಂದು ಸಣ್ಣ ದಿಂಬು ಅಥವಾ ಮಡಿಸಿದ ಟವೆಲ್ ಸಾಕು. ಕೆಮ್ಮು ಬರುವಂತಾದಾಗ ಮೊಣಕಾಲು ಮಡಿಸಿ, ದಿಂಬನ್ನು ಗಾಯದ ಮೇಲಿಟ್ಟು ಎರಡೂ ಕೈಗಳಿಂದ ಹಗುರಾಗಿ ಒತ್ತಿ ಹಿಡಿಯಿರಿ. ಹೊರಗಿನಿಂದ ಆಸರೆ ಸಿಕ್ಕ ಗಾಯ ಹೆಚ್ಚು ಎಳೆಯುವುದಿಲ್ಲ. ನೋವಿಗೆ ಹೆದರಿ ಕೆಮ್ಮನ್ನು ನುಂಗಬೇಡಿ. ಕಫ ಎದೆಯಲ್ಲೇ ಉಳಿದರೆ ಜ್ವರ ಬಂದೀತು.

ಜೊತೆಗೆ, ಎಚ್ಚರವಿದ್ದಾಗ ಗಂಟೆಗೊಮ್ಮೆ ಐದಾರು ಬಾರಿ ದೀರ್ಘವಾಗಿ ಉಸಿರಾಡಿ. ಮೂಗಿನಿಂದ ನಿಧಾನವಾಗಿ ಎಳೆದು, ತುಟಿ ಚೂಪಾಗಿಸಿ ಇನ್ನೂ ನಿಧಾನವಾಗಿ ಬಿಡಿ. ಹಾಲೂಡಿಸುವಾಗ ಗರ್ಭಕೋಶ ಹಿಂಡಿದಂತಾದರೂ ಇದೇ ಉಸಿರು ನೆರವಾಗುತ್ತದೆ. ಆ ನೋವು ಗರ್ಭಕೋಶ ಕುಗ್ಗುತ್ತಿದೆ, ರಕ್ತಸ್ರಾವ ಹತೋಟಿಗೆ ಬರುತ್ತಿದೆ ಎಂಬುದರ ಗುರುತು. ಕೆಲವೇ ದಿನಗಳಲ್ಲಿ ನಿಲ್ಲುತ್ತದೆ.

ನಡೆದರೆ ಹೊಲಿಗೆ ಬಿಚ್ಚುವುದಿಲ್ಲ

ಆ ಗಟ್ಟಿ ಪೊರೆಯನ್ನು ಹೊಲಿಯುವ ದಾರ ನಾಲ್ಕು ಹೆಜ್ಜೆ ನಡೆದರೆ ಬಿಡುವಂಥದಲ್ಲ. ನಡೆಯದೆ ಮಲಗುವುದರಲ್ಲೇ ಅಪಾಯ ಹೆಚ್ಚು. ಗರ್ಭಿಣಿಯರಲ್ಲಿ, ಹೆರಿಗೆಯಾದ ನಂತರದ ಆರು ವಾರಗಳಲ್ಲಿ ರಕ್ತ ಬೇಗ ಹೆಪ್ಪುಗಟ್ಟುವ ಸ್ವಭಾವವಿರುತ್ತದೆ. ಶಸ್ತ್ರಚಿಕಿತ್ಸೆ ಅದನ್ನು ಇನ್ನೂ ಹೆಚ್ಚಿಸುತ್ತದೆ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಕುತ್ತು.

ಕಾಲಿನ ಜೋಮು ಪೂರ್ತಿ ಇಳಿದ ಮೇಲೆ, ವೈದ್ಯರ ಅನುಮತಿಯೊಂದಿಗೆ, ಸಾಮಾನ್ಯವಾಗಿ ಮೊದಲ ದಿನವೇ ಎದ್ದು ನಿಲ್ಲಬಹುದು. ಅದುವರೆಗೆ ಮಲಗಿದಲ್ಲೇ ಪಾದಗಳನ್ನು ಮೇಲೆ-ಕೆಳಗೆ ಆಡಿಸುತ್ತಿರಿ. ಮೊದಲು ಕೋಣೆಯೊಳಗೆ, ಆಮೇಲೆ ವಾರ್ಡಿನ ಉದ್ದಕ್ಕೆ. ಒಮ್ಮೆ ದೂರ ನಡೆದು ಸುಸ್ತಾಗುವುದಕ್ಕಿಂತ ದಿನಕ್ಕೆ ಐದಾರು ಬಾರಿ ಸ್ವಲ್ಪ ಸ್ವಲ್ಪ ನಡೆಯುವುದು ಒಳ್ಳೆಯದು. ಗಾಯ ಹಿಡಿದುಕೊಂಡು ಬಗ್ಗಿ ನಡೆಯಬೇಡಿ; ಅದರಿಂದ ಬೆನ್ನು ನೋಯುತ್ತದೆ. ಮಗುವಿಗಿಂತ ಭಾರವಾದ ಯಾವುದನ್ನೂ ಆರು ವಾರ ಎತ್ತುವುದು ಬೇಡ. ನೀರು ತುಂಬಿದ ಕೊಡವನ್ನಂತೂ ಮುಟ್ಟಲೇಬೇಡಿ.

ಗಾಳಿಯ ನೋವಿಗೆ ಅನ್ನ-ನೀರೇ ಮದ್ದು

ಗಾಯಕ್ಕಿಂತ ಹೊಟ್ಟೆ ಉಬ್ಬರವೇ ಹೆಚ್ಚು ಕಾಡಿತು ಎನ್ನುವ ತಾಯಂದಿರು ಬಹಳ. ‘ಗಾಳಿ ಹೋಗುವವರೆಗೆ ಏನೂ ಕೊಡಬೇಡಿ’ ಎಂಬುದು ಹಳೆಯ ನಿಯಮ. ತೊಡಕಿಲ್ಲದ ಸಿಸೇರಿಯನ್ ಆದವರು ಬೇಗನೆ ನೀರು, ಆಹಾರ ಸೇವಿಸಬಹುದು, ಅದರಿಂದ ಕರುಳು ಬೇಗ ಚಲಿಸುತ್ತದೆ ಎಂಬುದು ಇಂದಿನ ತಿಳಿವಳಿಕೆ. ನಿಮ್ಮ ವೈದ್ಯರು ಒಪ್ಪಿದೊಡನೆ ಗಂಜಿ, ಇಡ್ಲಿ, ಮೆದು ಅನ್ನ-ಸಾರಿನಿಂದ ಆರಂಭಿಸಿ. ದಿನಕ್ಕೆ ಮೂರು ಬಾರಿ ಅರ್ಧ ಗಂಟೆ ಚ್ಯೂಯಿಂಗ್ ಗಮ್ ಅಗಿದವರಲ್ಲಿ ಗಾಳಿ ಬೇಗ ಸರಿಯುವುದು ಅಧ್ಯಯನಗಳಲ್ಲಿ ಕಂಡಿದೆ. ಅಗಿದಾಗ ಊಟ ಬಂತೆಂದು ಕರುಳು ಎಚ್ಚರಗೊಳ್ಳುತ್ತದೆ. ಊಟವನ್ನೇ ಬೇಗ ಆರಂಭಿಸಿದವರಿಗೆ ಇದರ ಅಗತ್ಯ ಅಷ್ಟಿಲ್ಲ.

ಬಾಣಂತಿಗೆ ನೀರು ಕೊಡದಿರುವ ಪದ್ಧತಿ ಕೆಲವು ಮನೆಗಳಲ್ಲಿ ಇನ್ನೂ ಇದೆ. ಇದು ತಪ್ಪು. ನೀರು ಕಡಿಮೆಯಾದರೆ ಮಲ ಗಟ್ಟಿಯಾಗುತ್ತದೆ, ತಿಣುಕಿದಾಗ ಗಾಯ ನೋಯುತ್ತದೆ, ಮೂತ್ರದ ಸೋಂಕೂ ತಗುಲುತ್ತದೆ. ಬಾಯಾರಿದಾಗಲೆಲ್ಲ ಕುಡಿಯಿರಿ; ಕಾಯಿಸಿ ಆರಿಸಿದ ನೀರಾದರೆ ಅಜ್ಜಿಯೂ ಒಪ್ಪಿಯಾರು. ಸೊಪ್ಪು, ತರಕಾರಿ, ಹಣ್ಣು ದಿನವೂ ಇರಲಿ.

ಹಾಲೂಡಿಸುವ ಭಂಗಿ

ಗಾಯದ ಮೇಲೆ ಮಗುವಿನ ಭಾರ ಬೀಳದ ಎರಡು ಭಂಗಿಗಳಿವೆ. ಒಂದು, ಮಗ್ಗುಲಾಗಿ ಮಲಗಿ, ಮಗುವನ್ನೂ ನಿಮ್ಮ ಕಡೆಗೆ ಮಗ್ಗುಲಾಗಿಸಿ, ಹೊಟ್ಟೆಗೆ ಹೊಟ್ಟೆ ತಾಗುವಂತೆ ಊಡಿಸುವುದು. ನಿಮ್ಮ ಬೆನ್ನಿಗೆ, ಮೊಣಕಾಲುಗಳ ನಡುವೆ ದಿಂಬು ಇರಲಿ. ಊಡಿಸುತ್ತಾ ತಾಯಿಗೆ ನಿದ್ದೆ ಬಾರದಂತೆ ಯಾರಾದರೂ ನೋಡಿಕೊಳ್ಳಲಿ. ಇನ್ನೊಂದು, ಕುಳಿತು ಮಗುವಿನ ಮೈಯನ್ನು ಕಂಕುಳ ಕೆಳಗೆ, ಪಕ್ಕಕ್ಕೆ ಬರುವಂತೆ ದಿಂಬಿನ ಮೇಲಿಟ್ಟು, ಅಂಗೈಯಲ್ಲಿ ಕತ್ತು-ಭುಜಕ್ಕೆ ಆಸರೆ ಕೊಡುವುದು. ಕಾಲುಗಳು ಹಿಂದಕ್ಕೆ ಹೋಗುವುದರಿಂದ ಮಗು ಗಾಯಕ್ಕೆ ಒದೆಯುವುದಿಲ್ಲ. ಮಗುವನ್ನು ಎದೆಯತ್ತ ತನ್ನಿ, ಎದೆಯನ್ನು ಮಗುವಿನತ್ತ ಬಗ್ಗಿಸಬೇಡಿ. ಮೊದಲ ದಿನಗಳ ಗಿಣ್ಣು ಹಾಲು ಕೆಲವೇ ಚಮಚೆಯಷ್ಟಿದ್ದರೂ ಮಗುವಿಗೆ ಅಮೂಲ್ಯ.

ಮಸಾಜು, ಸಂಗೀತ, ತಣ್ಣನೆ ಪಟ್ಟಿ

ಔಷಧಿಯಿಲ್ಲದ ಉಪಾಯಗಳ ಬಗ್ಗೆ ನಡೆದ 37 ಅಧ್ಯಯನಗಳನ್ನು, ಅಂದರೆ 3,076 ಮಹಿಳೆಯರ ಅನುಭವವನ್ನು, ಕಾಕ್ರೇನ್ ಸಂಸ್ಥೆ 2020ರಲ್ಲಿ ಒಟ್ಟಾಗಿ ಪರಿಶೀಲಿಸಿತು. ಕೈ-ಕಾಲುಗಳ ಮಸಾಜು, ಸಂಗೀತ, ಆಕ್ಯುಪಂಕ್ಚರ್, ಸುಗಂಧ, ಚರ್ಮದ ಮೇಲಿಂದ ಸಣ್ಣ ವಿದ್ಯುತ್ ಮಿಡಿತ ಕೊಡುವ ‘ಟೆನ್ಸ್’ ಯಂತ್ರ – ಇವು ಮಾತ್ರೆಯ ಜೊತೆಗೆ ಸೇರಿದಾಗ ನೋವು ಇನ್ನಷ್ಟು ಇಳಿಯಬಹುದು, ಆದರೆ ಪುರಾವೆ ಇನ್ನೂ ಗಟ್ಟಿಯಾಗಿಲ್ಲ ಎಂಬುದು ಅದರ ತೀರ್ಮಾನ. ಹಾಗಾಗಿ ಇವಕ್ಕೆ ಸಾವಿರಾರು ರೂಪಾಯಿ ಸುರಿಯುವ ಅಗತ್ಯವಿಲ್ಲ. ತಾಯಿಯೋ, ಗಂಡನೋ ಹತ್ತು ನಿಮಿಷ ಅಂಗೈ-ಅಂಗಾಲು ಒತ್ತಿದರೆ ಖರ್ಚೂ ಇಲ್ಲ, ಕೆಡುಕೂ ಇಲ್ಲ. ಒಂದೇ ಎಚ್ಚರಿಕೆ: ಒಂದು ಕಾಲು ಮಾತ್ರ ಊದಿ, ಮೀನಖಂಡ ನೋಯುತ್ತಿದ್ದರೆ ಅದನ್ನು ಒತ್ತಬಾರದು, ವೈದ್ಯರಿಗೆ ತೋರಿಸಬೇಕು. ಟೆನ್ಸ್ ಯಂತ್ರವನ್ನು ಫಿಸಿಯೋಥೆರಪಿಸ್ಟರ ಸಲಹೆಯಂತೆ ಮಾತ್ರ ಬಳಸಬೇಕು.

ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ, ಗಾಯದ ಪಟ್ಟಿ ಒದ್ದೆಯಾಗದಂತೆ, ಉಡುಪಿನ ಮೇಲಿಂದಲೇ 10–15 ನಿಮಿಷ ಇಡುವುದು ಮೊದಲ ದಿನಗಳಲ್ಲಿ ಕೆಲವರಿಗೆ ಹಿತ. ಇದರಿಂದ ಹಾಲು ಶೀತವಾಗುವುದಿಲ್ಲ. ಮನಸ್ಸು ಒಪ್ಪದಿದ್ದರೆ ಬಿಡಬಹುದು. ಆದರೆ ಬಿಸಿನೀರಿನ ಚೀಲವನ್ನು ಗಾಯದ ಹತ್ತಿರ ಇಡಬೇಡಿ. ಗಾಯದ ಸುತ್ತ ಚರ್ಮಕ್ಕೆ ತಿಂಗಳುಗಟ್ಟಲೆ ಸ್ಪರ್ಶಜ್ಞಾನ ಕಡಿಮೆಯಿರುತ್ತದೆ, ಸುಟ್ಟರೂ ತಿಳಿಯುವುದಿಲ್ಲ.

ಬಾಣಂತನದ ಪದ್ಧತಿಗಳು: ಯಾವುದು ಇರಲಿ, ಯಾವುದು ಬೇಡ?

ನಮ್ಮ ಬಾಣಂತನದಲ್ಲಿ ಒಳ್ಳೆಯದು ಬಹಳವಿದೆ. ತವರಿನ ಆರೈಕೆ, ಮನೆಗೆಲಸದಿಂದ ಬಿಡುವು, ಹೊತ್ತಿಗೆ ಸರಿಯಾಗಿ ಬಿಸಿ ಊಟ – ಇವೆಲ್ಲ ನೋವು ಇಳಿಸುವ ಸಾಧನಗಳೇ. ಆದರೆ ಮಾಮೂಲಿ ಹೆರಿಗೆಗೆ ಹೊಂದುವ ಎಲ್ಲವೂ ಹೊಟ್ಟೆಯಲ್ಲಿ ಗಾಯವಿರುವವಳಿಗೆ ಹೊಂದುವುದಿಲ್ಲ.

ಹೊಟ್ಟೆ ಕಟ್ಟುವುದನ್ನೇ ನೋಡಿ. ನಡೆಯುವಾಗ ಹಗುರವಾದ ಪಟ್ಟಿ ಅಥವಾ ಬಟ್ಟೆ ಆಸರೆ ಕೊಟ್ಟರೆ ಹಲವರಿಗೆ ಹಾಯೆನಿಸುತ್ತದೆ. ಕೆಲವು ಅಧ್ಯಯನಗಳಲ್ಲಿ ನೋವು ಕಡಿಮೆಯಾಗಿದೆ, ಕೆಲವದರಲ್ಲಿ ವ್ಯತ್ಯಾಸ ಕಂಡಿಲ್ಲ. ಆದರೆ ಉಸಿರಾಡಲು ಕಷ್ಟವಾಗುವಂತೆ ಬಿಗಿದರೆ ಹೊಟ್ಟೆ ಕರಗುವುದಿಲ್ಲ. ಗಾಯ ಬೆವರಿ ಕೀವಾದೀತು. ಮಲಗಿದಾಗ ಬಿಚ್ಚಿಡಿ. ಲಂಗದ ಲಾಡಿಯನ್ನು ಗಾಯದ ಮೇಲೆ ಕಟ್ಟುವುದಂತೂ ಬೇಡ. ಸಡಿಲ ನೈಟಿಯೇ ಒಳ್ಳೆಯದು.

ಬೆನ್ನಿಗೆ, ಕೈಕಾಲಿಗೆ ಎಣ್ಣೆ ಸವರಬಹುದು. ಗಾಯಕ್ಕೆ ಎಣ್ಣೆ, ಅರಿಶಿನ ಹಚ್ಚಬಾರದು. ಹೊಟ್ಟೆಯ ಮೇಲೆ ಹಂಡೆಯ ಸುಡುನೀರು ಹೊಯ್ಯಬಾರದು. ವೈದ್ಯರು ಹೇಳಿದ ದಿನದಿಂದ ಉಗುರುಬೆಚ್ಚನೆ ನೀರಿನ ಸ್ನಾನ ಸಾಕು. ನಂತರ ಗಾಯವನ್ನು ಶುಭ್ರ ಬಟ್ಟೆಯಿಂದ ಒತ್ತಿ ಒರೆಸಿ. ಮುಚ್ಚಿದ ಕೋಣೆಯಲ್ಲಿ ಮಂಚದ ಕೆಳಗೆ ಕೆಂಡವಿಟ್ಟು ಹೊಗೆ ಹಾಕುವುದು ಅಪಾಯಕರ. ಸುಟ್ಟಗಾಯದ ಭಯ ಒಂದಾದರೆ, ಕೆಂಡದಿಂದ ಹೊಮ್ಮುವ ವಾಸನೆಯಿಲ್ಲದ ವಿಷಾನಿಲ ತಾಯಿ-ಮಗು ಇಬ್ಬರಿಗೂ ಕಂಟಕ.

ಮತ್ತೊಂದು ದೂರು: ‘ಬೆನ್ನಿಗೆ ಕೊಟ್ಟ ಇಂಜೆಕ್ಷನ್ನಿನಿಂದ ಜೀವನಪೂರ್ತಿ ಬೆನ್ನುನೋವು’. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು. ಆದರೆ ವರ್ಷಗಟ್ಟಲೆಯ ಬೆನ್ನುನೋವಿಗೆ ಅದೇ ಕಾರಣವೆಂದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಮಾಮೂಲಿ ಹೆರಿಗೆಯಾದವರಿಗೂ ಬೆನ್ನುನೋವು ಸಾಮಾನ್ಯ. ಕೂರುವ ಭಂಗಿ ತಿದ್ದಿಕೊಳ್ಳುವುದು, ವೈದ್ಯರ ಅನುಮತಿ ಪಡೆದು ಹಗುರ ವ್ಯಾಯಾಮ ಮಾಡುವುದು ಇದಕ್ಕೆ ಪರಿಹಾರ.

ಈ ನೋವು ಬೇರೆ: ಕಾಯಬೇಡಿ

ಸಾಮಾನ್ಯ ನೋವು ಮೊದಲ ಎರಡು-ಮೂರು ದಿನ ಹೆಚ್ಚಿದ್ದು, ದಿನದಿಂದ ದಿನಕ್ಕೆ ಇಳಿಯುತ್ತದೆ. ಇಳಿಯುತ್ತಿದ್ದ ನೋವು ಮತ್ತೆ ಏರಿದರೆ ಅದು ಎಚ್ಚರಿಕೆಯ ಗಂಟೆ. ಕೆಳಗಿನ ಯಾವುದೇ ಲಕ್ಷಣ ಕಂಡರೆ ಮನೆಮದ್ದು ಮಾಡುತ್ತಾ ಕೂರದೆ ಆಸ್ಪತ್ರೆಗೆ ಹೋಗಿ:

* 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕೂ ಹೆಚ್ಚಿನ ಜ್ವರ, ಚಳಿ ನಡುಕ.

* ಗಾಯ ಕೆಂಪಾಗಿ ಊದುವುದು, ಕೀವು ಅಥವಾ ನೀರು ಸೋರುವುದು, ಬಾಯಿ ಬಿಡುವುದು.

* ಒಂದು ಗಂಟೆಯೊಳಗೆ ಪ್ಯಾಡ್ ಪೂರ್ತಿ ತೊಯ್ಯುವಷ್ಟು ರಕ್ತಸ್ರಾವ, ಕೆಟ್ಟ ವಾಸನೆಯ ಸ್ರಾವ.

* ಹೊಟ್ಟೆ ಉಬ್ಬಿ ಪದೇಪದೇ ವಾಂತಿ. ಮೂತ್ರ ಕಟ್ಟುವುದು ಅಥವಾ ಉರಿ.

* ಒಂದೇ ಕಾಲಿನ ಊತ-ನೋವು, ಹಠಾತ್ ಎದೆನೋವು, ಉಸಿರಾಟದ ತೊಂದರೆ.

* ಕುಳಿತಾಗ ಹೆಚ್ಚಿ ಮಲಗಿದಾಗ ಇಳಿಯುವ ತಲೆನೋವು. ತೀವ್ರ ತಲೆನೋವಿನೊಂದಿಗೆ ಕಣ್ಣು ಮಂಜಾಗುವುದು, ಫಿಟ್ಸ್.

* ಎರಡು ವಾರ ಕಳೆದರೂ ಬಿಡದ ಅಳು, ಬೇಸರ. ತನಗೋ ಮಗುವಿಗೋ ಹಾನಿ ಮಾಡಿಕೊಳ್ಳುವ ಯೋಚನೆ.

ಮೂರು ತಿಂಗಳಾದರೂ ಗಾಯದ ನೋವು ಉಳಿದಿದ್ದರೆ, ‘ಸಿಸೇರಿಯನ್ ಆದವರಿಗೆ ಇದೆಲ್ಲ ಇದ್ದದ್ದೇ’ ಎಂದು ಸುಮ್ಮನಿರದೆ ವೈದ್ಯರನ್ನು ಕಾಣಬೇಕು.

ಮನೆಯವರಿಗೊಂದು ಮಾತು

‘ನಾವೆಲ್ಲ ಹೆರಲಿಲ್ಲವೇ? ಇಷ್ಟಕ್ಕೇ ನರಳಿದರೆ ಹೇಗೆ?’ ಎನ್ನುವ ಮಾತು ಬಾಣಂತಿಯ ಬಾಯಿ ಮುಚ್ಚಿಸುತ್ತದೆ, ನೋವನ್ನಲ್ಲ. ನೋವನ್ನು ನುಂಗಿಕೊಳ್ಳುವುದು ತಾಯ್ತನದ ಪರೀಕ್ಷೆಯಲ್ಲ. ದಿನಕ್ಕೊಮ್ಮೆ, ‘ನೋವು ಹೇಗಿದೆ? ನಿನ್ನೆಗಿಂತ ಕಡಿಮೆಯೇ?’ ಎಂದು ಕೇಳಿ. ರಾತ್ರಿ ಮಗು ಅತ್ತಾಗ ಎತ್ತಿ ಕೈಗೆ ಕೊಡುವುದು, ಬಟ್ಟೆ ಬದಲಿಸುವುದು, ಹಾಲು ಕುಡಿದ ಮೇಲೆ ತೇಗು ಬರಿಸುವುದು ಗಂಡನ ಪಾಲಿನ ಕೆಲಸವಾಗಲಿ. ಎರಡು ಗಂಟೆ ಹೆಚ್ಚು ನಿದ್ದೆ ಸಿಕ್ಕಿದ ಬಾಣಂತಿಗೆ ಮರುದಿನದ ನೋವು ಖಂಡಿತ ಹಗುರ.

ನರ್ಸ್ ಮರುದಿನ ಬಂದು ‘ಏಳಮ್ಮ’ ಎಂದಾಗ ತಡೆಯಬೇಡಿ. ಹೊತ್ತಿಗೆ ಮಾತ್ರೆ ಕೊಟ್ಟಿರಿ, ಮಗ್ಗುಲಿಗೆ ಹೊರಳಲು ನೆರವಾಗಿ, ಕೈ ಹಿಡಿದು ಜೊತೆಗೆ ನಾಲ್ಕು ಹೆಜ್ಜೆ ನಡೆಯಿರಿ. ಮಗು ತಾಯಿಯ ಎದೆ ಸೇರಿದ ಮೇಲೆ ಡಬ್ಬಿ ಹಾಲಿನ ಮಾತು ಬಹುಪಾಲು ಮನೆಗಳಲ್ಲಿ ಏಳುವುದೇ ಇಲ್ಲ.